ಹೊರಗಿನವರು ತಂದು ಕೂರಿಸಿದ ಪ್ರಜಾಪ್ರಭುತ್ವ ನಿಲ್ಲುತ್ತದೆಯೇ? ಇರಾಕ್, ಜಪಾನ್ ಮತ್ತು ಉಳಿದವರು

ತುಂಗಾತೀರ

ಇರಾಕ್ ಮಾತು ಬಂದಾಗಲೆಲ್ಲ ಇಲ್ಲಿ ಎರಡೇ ಪಲ್ಲವಿ ಕೇಳಿಸುತ್ತದೆ. ಒಂದು, "ಜಪಾನಿಗೆ ಅಮೆರಿಕದವರೇ ಕೊಟ್ಟರಲ್ಲ, ಅದು ನಿಂತಿತಲ್ಲ." ಇನ್ನೊಂದು, "ಅರಬ್ಬರಿಗೆ ಇದೆಲ್ಲ ಒಗ್ಗುವುದಿಲ್ಲ ಬಿಡಿ." ನನಗೆ ಎರಡೂ ಒಪ್ಪಿಗೆಯಿಲ್ಲ. 2003ರಿಂದ 2005ರ ನಡುವೆ ಬಾಗ್ದಾದಿನಲ್ಲಿ ಚುನಾವಣೆ ಬೇಕು ಎಂದವರು ಯಾರು, ಸದ್ಯಕ್ಕೆ ಬೇಡ ಎಂದವರು ಯಾರು ಅಂತ ಇಬ್ಬರೂ ನೋಡಿದ ಹಾಗಿಲ್ಲ.

ಸದ್ದಾಂ ಹುಸೇನನನ್ನು ಕೆಡವಿದ ಮೇಲೆ ಇರಾಕನ್ನು ಆಳಲು ಅಮೆರಿಕ ಕಳಿಸಿದ ಪಾಲ್ ಬ್ರೆಮರ್ ಬಾಗ್ದಾದಿನಲ್ಲಿ ಬಂದಿಳಿದದ್ದು 2003ರ ಮೇ 12ಕ್ಕೆ. ಮೇ 16ಕ್ಕೆ ಮೊದಲ ಆಜ್ಞೆ: ಸದ್ದಾಂನ ಬಾತ್ ಪಕ್ಷದ ಮೇಲಿನ ನಾಲ್ಕು ಹಂತದವರು ಯಾರೂ ಸರ್ಕಾರಿ ಕೆಲಸದಲ್ಲಿರುವಂತಿಲ್ಲ. ಆ ಬಲೆಗೆ ಶಾಲಾ ಮೇಷ್ಟ್ರುಗಳೂ ಬಿದ್ದರು. ಮೇ 23ಕ್ಕೆ ಎರಡನೆಯದು: ಸೈನ್ಯ ವಿಸರ್ಜನೆ. ಬಂದೂಕು ಹಿಡಿದು ಗೊತ್ತಿದ್ದ ಮೂರೂವರೆ ಲಕ್ಷಕ್ಕೂ ಹೆಚ್ಚು ಗಂಡಸರು ಒಂದೇ ಏಟಿಗೆ ಸಂಬಳವಿಲ್ಲದೆ ಮನೆ ಸೇರಿದರು. ಇಷ್ಟು ಎಲ್ಲರೂ ಹೇಳುವ ಕಥೆ. ನಾನು ಹೇಳಹೊರಟದ್ದು ಮುಂದಿನದು.

ಸಂವಿಧಾನ ಬರೆಯುವವರನ್ನು ತಾವೇ ಆರಿಸಿದರಾಯಿತು ಎಂದು ಬ್ರೆಮರ್ ಲೆಕ್ಕ ಹಾಕಿದ್ದರು. ಜೂನ್ ಕೊನೆಗೆ ಶಿಯಾಗಳ ಪವಿತ್ರ ನಗರ ನಜಫ್‌ನಿಂದ ಅವರ ಹಿರಿಯ ಧರ್ಮಗುರು ಆಯತೊಲ್ಲಾ ಅಲಿ ಸಿಸ್ತಾನಿಯ ಫತ್ವಾ ಬಂತು. ತಿರುಳು ಇಷ್ಟೇ: ನೇಮಿಸಲು ನಿಮಗೆ ಅಧಿಕಾರವಿಲ್ಲ, ಮೊದಲು ಚುನಾವಣೆ ನಡೆಯಲಿ, ಗೆದ್ದವರು ಬರೆಯಲಿ, ಬರೆದದ್ದಕ್ಕೆ ಜನ ಮತ ಹಾಕಲಿ. ಬ್ರೆಮರ್ ಇದನ್ನು ತಿಂಗಳುಗಟ್ಟಲೆ ಕಿವಿಗೆ ಹಾಕಿಕೊಳ್ಳಲಿಲ್ಲ. ನವೆಂಬರ್ 15ಕ್ಕೆ ಹೊಸ ಯೋಜನೆ ಹೊರಟಿತು: 18 ಪ್ರಾಂತ್ಯಗಳಲ್ಲಿ ಆಯ್ದ ಗಣ್ಯರ ಸಭೆ ಸೇರಿಸಿ ಅವರಿಂದ ಮಧ್ಯಂತರ ಶಾಸನಸಭೆ ಕಟ್ಟುವುದು. ಸಿಸ್ತಾನಿ ಮತ್ತೆ ಒಲ್ಲೆ ಎಂದರು. 2004ರ ಜನವರಿಯಲ್ಲಿ ಬಾಗ್ದಾದಿನ ಬೀದಿಗಳಲ್ಲಿ ಲಕ್ಷದಷ್ಟು ಜನ ಸೇರಿ ನೇರ ಚುನಾವಣೆಗಾಗಿ ಕೂಗು ಹಾಕಿದರು. ಗಣ್ಯರ ಸಭೆ ಯೋಜನೆ ಮೂಲೆಗೆ ಹೋಯಿತು, ವಿಶ್ವಸಂಸ್ಥೆಯ ಲಖ್ದರ್ ಬ್ರಾಹಿಮಿ ನಡುವೆ ಬಂದರು, 2005ರ ಜನವರಿ 30ಕ್ಕೆ ದಿನ ಗೊತ್ತಾಯಿತು.

ಪ್ರಜಾಪ್ರಭುತ್ವ ಕೊಡಲು ಬಂದವರು ಚುನಾವಣೆ ಮುಂದೂಡುತ್ತಿದ್ದಾರೆ, ನಜಫ್‌ನ ಓಣಿಯೊಂದರ ಬಾಡಿಗೆ ಮನೆಯಲ್ಲಿ ಕೂತ ಮುದುಕರೊಬ್ಬರು ಪಟ್ಟು ಹಿಡಿದಿದ್ದಾರೆ! ಅವರು ಹುಟ್ಟಿದ್ದು ಇರಾನಿನ ಮಶಾದ್‌ನಲ್ಲಿ, ಇರಾಕಿನ ಪೌರತ್ವವಿಲ್ಲ, ಆ ಚುನಾವಣೆಯಲ್ಲಿ ಸ್ವತಃ ಮತ ಹಾಕುವಂತೆಯೂ ಇರಲಿಲ್ಲ.

ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ, ಬಡಿಯಲು ನಿಮಗೂ ಅನುಕೂಲ. ಹೊರಗಿನವರು ಹಳೆಯ ಸರ್ಕಾರವನ್ನು ಕೆಡವಬಲ್ಲರು, ಆಜ್ಞೆ ಹೊರಡಿಸಬಲ್ಲರು, ವೇಳಾಪಟ್ಟಿ ಹೇರಬಲ್ಲರು. ಅವರು ಗಂಟುಮೂಟೆ ಕಟ್ಟಿದ ಮೇಲೂ ಉಳಿಯುವುದು ಒಳಗಿನವರು ಮೊದಲಿಂದ ಕೇಳುತ್ತಿದ್ದ ಭಾಗ ಮಾತ್ರ.

ಗಾಂಧಿಬಜಾರ್ ಕಾಫಿ

ಆಯತೊಲ್ಲಾ ಚುನಾವಣೆ ಕೇಳಿದರು, ವಾಷಿಂಗ್ಟನ್ ಬೇಡ ಎಂದಿತು. ಕಾಫಿ ಗಂಟಲಲ್ಲೇ ನಿಂತಿತು.

ಚಕ್ರವ್ಯೂಹ

ಸಿಸ್ತಾನಿಯನ್ನು ಸುಮ್ಮನೆ ಅಟ್ಟಕ್ಕೇರಿಸಬೇಡಿ. ಇರಾಕಿನಲ್ಲಿ ಶಿಯಾಗಳು ಬಹುಸಂಖ್ಯಾತರು. ತಲೆಗೊಂದು ಮತ ಎಂದರೆ ಅಧಿಕಾರ ಯಾರ ಕೈಗೆ ಬರುತ್ತದೆಂದು ಲೆಕ್ಕ ಗೊತ್ತಿರುವ ಯಾರು ಬೇಕಾದರೂ ಚುನಾವಣೆ ಕೇಳುತ್ತಾರೆ.

ಇನ್ನೊಂದು. "ಒಳಗಿನವರು ಕೇಳಬೇಕು" ಎನ್ನುವವರು 1991 ನೆನಪಿಸಿಕೊಳ್ಳಿ. ಹಿರಿಯ ಬುಷ್ ಇರಾಕಿಗಳಿಗೆ ಎದ್ದೇಳಿ ಎಂದರು. ಬಸ್ರಾ, ನಜಫ್, ಕರ್ಬಲಾ ಎದ್ದವು, ಉತ್ತರದಲ್ಲಿ ಕುರ್ದರೂ ಎದ್ದರು. ಸದ್ದಾಂ ಹೆಲಿಕಾಪ್ಟರ್ ಕಳಿಸಿ ಹೊಸಕಿಹಾಕಿದ, ಅಮೆರಿಕದ ಸೈನ್ಯ ಪಕ್ಕದಲ್ಲೇ ನಿಂತು ನೋಡಿತು. ಒಳಗಿನವರು ಕೇಳಿದ್ದರು ಸ್ವಾಮಿ. ಸಿಕ್ಕಿದ್ದು ಸಾಮೂಹಿಕ ಸಮಾಧಿ. 2003 ಇಲ್ಲದಿದ್ದರೆ ಸದ್ದಾಂ ಆದ ಮೇಲೆ ಅವನ ಮಗ ಕೂರುತ್ತಿದ್ದ, ಅಷ್ಟೇ.

ತುಂಗಾತೀರ

ಲೆಕ್ಕಾಚಾರ ಇತ್ತು, ಇಲ್ಲ ಎಂದವರಾರು? ಲೆಕ್ಕವಿಲ್ಲದೆ ಮತದ ಹಕ್ಕು ಕೇಳಿದ ಗುಂಪು ಜಗತ್ತಿನಲ್ಲೇ ಇಲ್ಲ. 1832ರಲ್ಲಿ ಇಂಗ್ಲೆಂಡಿನ ಮಧ್ಯಮ ವರ್ಗ ಕೇಳಿದ್ದೂ ತನಗಾಗಿಯೇ.

1991ರ ಮಾತು ಒಪ್ಪಿದೆ. ಕೆಡವಲು ಹೊರಗಿನವರು ಬೇಕಾದ ದೇಶಗಳಿವೆ. ಆದರೆ ಕೆಡವಿದವನೇ ಕಟ್ಟಿಕೊಡುತ್ತಾನೆ ಎನ್ನುವಲ್ಲಿ ತಕರಾರು.

ಅಬುಧಾಬಿ ಕುಂದಾಪ್ರ

2005ರಲ್ಲಿ ಹೊರದೇಶದ ಇರಾಕಿಗಳಿಗೂ ಮತ ಹಾಕಲು ಅವಕಾಶ ಕೊಟ್ಟಿದ್ದರು, 14 ದೇಶಗಳಲ್ಲಿ. ನಮ್ಮ ಎಮಿರೇಟ್ಸೂ ಅದರಲ್ಲಿತ್ತು. ನಮ್ಮ ಆಫೀಸಿನಲ್ಲಿ ಬಸ್ರಾದ ಒಬ್ಬ ಇಂಜಿನಿಯರ್ ಇದ್ದ. ಮೊದಲು ಹೋಗಿ ಹೆಸರು ಬರೆಸಬೇಕು, ಮುಂದಿನ ವಾರ ಮತ್ತೆ ಹೋಗಿ ಮತ ಹಾಕಬೇಕು. ಎರಡಕ್ಕೂ ರಜೆ ಹಾಕಿ ಹೋದ. ವಾಪಸ್ ಬಂದವನು ನೇರಳೆ ಶಾಯಿಯ ಬೆರಳನ್ನು ಯಾರಿಗೂ ತೋರಿಸಲಿಲ್ಲ, ಟೈಪ್ ಮಾಡುವಾಗ ಕಂಡಿತು. ಕೇಳಿದ್ದಕ್ಕೆ ಹೇಳಿದ: ಸದ್ದಾಂ ಕಾಲದಲ್ಲೂ ಮತ ಹಾಕಿದ್ದೇನೆ, 2002ರಲ್ಲಿ ಅವನಿಗೆ ನೂರಕ್ಕೆ ನೂರು ಬಂತಲ್ಲ, ಅದರಲ್ಲಿ ನನ್ನದೂ ಒಂದು.

ಅವನು ಶಿಯಾ. ಆದರೂ 2010ರಲ್ಲಿ ಹಾಕಿದ್ದು ಅಯ್ಯಾದ್ ಅಲ್ಲಾವಿ ಕೂಟಕ್ಕೆ, ಸುನ್ನಿಗಳೂ ಜಾತ್ಯತೀತರೂ ಸೇರಿದ್ದ ಕೂಟ ಅದು. ಅಲ್ಲಾವಿಗೆ 91 ಸೀಟು, ಆಗಿನ ಪ್ರಧಾನಿ ನೂರಿ ಅಲ್ ಮಾಲಿಕಿಗೆ 89. ಗೆದ್ದವರು ಯಾರು? ಮಾಲಿಕಿ! ಚುನಾವಣೆ ಮುಗಿದ ಮೇಲೆ ಕೂಡಿಕೊಂಡವರನ್ನೂ "ಅತಿ ದೊಡ್ಡ ಗುಂಪು" ಅಂತ ಎಣಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಮಾರ್ಚಿನಲ್ಲಿ ಚುನಾವಣೆ, ಸರ್ಕಾರ ಆದದ್ದು ಡಿಸೆಂಬರಿನಲ್ಲಿ. ಅಮೆರಿಕವೂ ಸೈ ಅಂದಿತು, ಇರಾನೂ ಸೈ ಅಂದಿತು. ಆ ಎರಡು ದೇಶ ಒಂದು ಮಾತಿಗೆ ಒಪ್ಪಿದ್ದು ನಾನಂತೂ ಬೇರೆಲ್ಲೂ ಕಂಡಿಲ್ಲ. ಆಮೇಲೆ ಅವನು ಮತದ ಮಾತೇ ಎತ್ತಲಿಲ್ಲ, ಕೆನಡಾಕ್ಕೆ ಅರ್ಜಿ ಹಾಕಿದ.

ತುಂಗಾತೀರ ಅವರೇ, ಇದನ್ನು ಎಲ್ಲಿ ಹಾಕ್ತೀರಿ? ಚುನಾವಣೆ ಒಳಗಿನವರೇ ಕೇಳಿದ್ದು ಸರಿ. ಅದಕ್ಕೆ ಮಣ್ಣು ಹಾಕಿದವರಲ್ಲೂ ಒಳಗಿನವರೇ ಜಾಸ್ತಿ ಅಲ್ವಾ?

ನಿವೃತ್ತ ಮೇಷ್ಟ್ರು

ಜಪಾನ್ ಬಗ್ಗೆ ಒಂದಷ್ಟು ಬರೆಯುತ್ತೇನೆ. ಆ ಹೆಸರನ್ನು ಎಲ್ಲರೂ ಎತ್ತುತ್ತಾರೆ, ಒಳಗೆ ಇಣುಕುವವರು ಕಡಿಮೆ.

ಮೇಲ್ನೋಟಕ್ಕೆ ಅದಕ್ಕಿಂತ ಶುದ್ಧ ಹೇರಿಕೆ ಬೇರೆ ಸಿಗದು. 1946ರ ಫೆಬ್ರವರಿಯಲ್ಲಿ ಜಪಾನ್ ಸರ್ಕಾರ ಬರೆದ ಸಂವಿಧಾನದ ಕರಡು ಪತ್ರಿಕೆಯೊಂದಕ್ಕೆ ಸೋರಿತು. ಚಕ್ರವರ್ತಿಯ ಅಧಿಕಾರ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಸೋತ ಜಪಾನನ್ನು ಆಳುತ್ತಿದ್ದ ಅಮೆರಿಕದ ಸೇನಾಧಿಕಾರಿ ಮ್ಯಾಕ್‌ಆರ್ಥರ್ ತನ್ನ ಸಿಬ್ಬಂದಿಗೇ ಬರೆಯಲು ಹೇಳಿದ. ಫೆಬ್ರವರಿ 4ಕ್ಕೆ ಶುರು, 12ಕ್ಕೆ ಮುಗಿಯಿತು, 13ಕ್ಕೆ ಜಪಾನಿ ಮಂತ್ರಿಗಳ ಮುಂದಿಟ್ಟರು. ಆ ತಂಡದಲ್ಲಿ ಬಿಯಾಟೆ ಸಿರೋಟಾ ಎಂಬ 22 ವರ್ಷದ ಹುಡುಗಿ ಇದ್ದಳು. ತಂದೆ ಪಿಯಾನೋ ವಾದಕ, ಬಾಲ್ಯವೆಲ್ಲ ಟೋಕಿಯೋದಲ್ಲಿ ಕಳೆದಿದ್ದರಿಂದ ಜಪಾನಿ ಭಾಷೆ ನೀರು ಕುಡಿದಷ್ಟು ಸಲೀಸು. ಮಹಿಳೆಯರ ಹಕ್ಕಿನ ಭಾಗ ಅವಳ ಪಾಲಿಗೆ ಬಂತು. ಜೀಪು ಹತ್ತಿ, ಬಾಂಬಿಗೆ ಸುಟ್ಟ ಊರಿನಲ್ಲಿ ಉಳಿದಿದ್ದ ಗ್ರಂಥಾಲಯಗಳನ್ನು ಹುಡುಕಿ, ಬೇರೆ ದೇಶಗಳ ಸಂವಿಧಾನಗಳನ್ನು ಹೊತ್ತು ತಂದಳು. ಮದುವೆಯಲ್ಲಿ ಗಂಡ ಹೆಂಡತಿ ಸಮಾನರು ಎನ್ನುವ 24ನೇ ವಿಧಿ ಮೂಲತಃ ಅವಳ ಕೈಬರಹ.

ಇನ್ನು ಒಳಗೆ ಬನ್ನಿ. ಜಪಾನಿನಲ್ಲಿ 1890ರಿಂದಲೇ ಚುನಾಯಿತ ಕೆಳಮನೆ ಇತ್ತು. 1925ರಲ್ಲೇ ಎಲ್ಲ ವಯಸ್ಕ ಗಂಡಸರಿಗೆ ಮತದ ಹಕ್ಕು. ಹೆಂಗಸರ ಹಕ್ಕಿಗಾಗಿ ಇಚಿಕಾವಾ ಫುಸಾಯೆಯಂಥವರು ಯುದ್ಧಕ್ಕೆ ಮೊದಲೇ ಎರಡು ದಶಕ ಹೋರಾಡಿದ್ದರು. ಹಾಗಾಗಿಯೇ 1946ರ ಏಪ್ರಿಲ್ 10ರಂದು, ಹೊಸ ಸಂವಿಧಾನಕ್ಕೂ ಮೊದಲು, 39 ಮಹಿಳೆಯರು ಗೆದ್ದುಬಂದರು. ಸುಜುಕಿ ಯಾಸುಜೋ ಮತ್ತು ಗೆಳೆಯರ ಖಾಸಗಿ ಕರಡು 1945ರ ಡಿಸೆಂಬರಿನಲ್ಲೇ ಪ್ರಕಟವಾಗಿತ್ತು. ಅಮೆರಿಕನ್ನರು ಅದನ್ನು ತರಿಸಿ ಓದಿದ್ದರು. ಅಮೆರಿಕನ್ನರು ಒಂದೇ ಸದನ ಸಾಕೆಂದರು, ಜಪಾನಿಗಳು ಎರಡು ಬೇಕೆಂದು ಹಟ ಹಿಡಿದು ಪಡೆದರು. ಕನಿಷ್ಠ ಮಟ್ಟದ ಆರೋಗ್ಯಕರ, ಸುಸಂಸ್ಕೃತ ಬದುಕು ಎಲ್ಲರ ಹಕ್ಕು ಎನ್ನುವ 25ನೇ ವಿಧಿಯ ಸಾಲು ಅಮೆರಿಕದ ಕರಡಿನಲ್ಲಿ ಇರಲೇ ಇಲ್ಲ, ಸಮಾಜವಾದಿ ಸದಸ್ಯರು ಸಂಸತ್ತಿನಲ್ಲಿ ಸೇರಿಸಿದರು. 1947ರ ಮೇ 3ರಿಂದ ಇವತ್ತಿನವರೆಗೆ ಆ ಸಂವಿಧಾನಕ್ಕೆ ಒಂದೂ ತಿದ್ದುಪಡಿಯಾಗಿಲ್ಲ. "ಇದು ಪರದೇಶಿ ಕೂಸು, ಬದಲಿಸಿ" ಎಂದು ಬಲಪಂಥೀಯರು ಏಳು ದಶಕದಿಂದ ಹೇಳುತ್ತಲೇ ಇದ್ದಾರೆ, ಜನ ಬಿಟ್ಟುಕೊಟ್ಟಿಲ್ಲ.

ಮತ್ತೊಂದು ವ್ಯತ್ಯಾಸ. ಟೋಕಿಯೋದಲ್ಲಿ ಗೆದ್ದವರು ಎರಡು ಲಕ್ಷದಷ್ಟು ಜನರನ್ನು ಹುದ್ದೆಗಳಿಂದ ತೆಗೆದರು, ಸೈನ್ಯವನ್ನೂ ವಿಸರ್ಜಿಸಿದರು. ಆದರೆ ಆಡಳಿತ ಯಂತ್ರವನ್ನು ಮುಟ್ಟಲಿಲ್ಲ, ಅದರ ಮೂಲಕವೇ ಆಳಿದರು. ಪಡಿತರ, ರೈಲು, ಅಂಚೆ ಯಾವುದೂ ನಿಲ್ಲಲಿಲ್ಲ. ಭೂಸುಧಾರಣೆ ತಂದು ಗೇಣಿದಾರನನ್ನು ಜಮೀನಿನ ಒಡೆಯನನ್ನಾಗಿ ಮಾಡಿದರು. ನಮ್ಮ ಕಡೆ 1974ರ ಉಳುವವನೇ ಹೊಲದೊಡೆಯ ಕಾನೂನನ್ನು ಕಣ್ಣಾರೆ ಕಂಡವರಿಗೆ ಅದರಿಂದ ಹಳ್ಳಿಯ ರಾಜಕೀಯ ಎಷ್ಟು ಬದಲಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಲಬುರ್ಗಿ ತೊಗರಿ

ಬಾಗ್ದಾದ್, ಟೋಕಿಯೋ ತನಕ ಯಾಕ ಹೋಗ್ಲತ್ತೀರಿ? ನಮ್ಮ ಮನಿ ಬಾಗಲಾಗೇ ಒಂದು ಕೇಸ್ ಅದ. 1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಸೊಲ್ಲಾಪುರ ಕಡಿಂದ ನಿಜಾಮನ ಸೀಮಿಗೆ ನುಗ್ತು, 17ಕ್ಕ ನಿಜಾಮ ಕೈ ಎತ್ತಿದ. ವರ್ಷದ ಮ್ಯಾಲ ಮಿಲಿಟರಿ ಗವರ್ನರ್ ಜೆ.ಎನ್. ಚೌಧರಿ ಆಳಿದ್ರು. 1952ಕ್ಕ ಓಟು. ನಮ್ಮ ಅಜ್ಜ ಅದಕ್ಕೂ ಮೊದಲ ಓಟು ಅಂಬೋದು ಕಂಡವನಲ್ಲ. ಹೊರಗಿಂದ ಬಂದ ಟ್ಯಾಂಕು, ಆಮ್ಯಾಲ ಬ್ಯಾಲೆಟ್ ಪೆಟಿಗಿ. ನಿಂತದೋ ಇಲ್ಲೋ? ನಿಂತದ. ಹಂಗಾರ ಹೇರಬಹುದು ಅಂದಂಗಾತಲ್ರಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ, ತೊಗರಿಯವರೇ. ಎರಡು ಮಾತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1938ರಲ್ಲೇ ಜವಾಬ್ದಾರಿ ಸರ್ಕಾರ ಕೇಳಿ ನಿಷೇಧಕ್ಕೊಳಗಾಗಿತ್ತು, ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ಜೈಲು ಕಂಡಿದ್ದರು, ತೆಲಂಗಾಣದ ರೈತರು ಕಮ್ಯುನಿಸ್ಟರ ಜೊತೆ ಸೇರಿ ಬಂದೂಕನ್ನೇ ಹಿಡಿದಿದ್ದರು. ತುಂಗಾತೀರರ ವಾದಕ್ಕೆ ನಿಮ್ಮ ಊರು ಎದುರಿಗಿಂತ ಆಸರೆಯಾಗಿಯೇ ಹೆಚ್ಚು ಒದಗುತ್ತದೆ. ಎರಡನೆಯದಾಗಿ, ಸೈನ್ಯ ಬಂದ ಮೇಲೆ ಹೈದರಾಬಾದ್ ಬೇರೆ ದೇಶವಾಗಿ ಉಳಿಯಲಿಲ್ಲ. ಕಲಬುರ್ಗಿಯವನಿಗೂ ದಿಲ್ಲಿಯವನಿಗೂ ಒಂದೇ ಸಂವಿಧಾನ, ಒಂದೇ ಮತ. ಇರಾಕಿಗೆ ಅಮೆರಿಕದ ಸೆನೆಟ್‌ನಲ್ಲಿ ಸೀಟು ಯಾರೂ ಕೊಡಲಿಲ್ಲ! ಇನ್ನು 1952ರಲ್ಲಿ ನಲಗೊಂಡದಿಂದ ಗೆದ್ದವರು ಯಾರು ನೋಡಿ: ಕಮ್ಯುನಿಸ್ಟ್ ರವಿ ನಾರಾಯಣ ರೆಡ್ಡಿ, ಅದೂ ನೆಹರೂಗಿಂತ ಹೆಚ್ಚು ಮತ ಪಡೆದು. ಸೈನ್ಯ ಕಳಿಸಿದ ಸರ್ಕಾರ ಯಾರ ವಿರುದ್ಧ ಕಾರ್ಯಾಚರಣೆ ನಡೆಸಿತ್ತೋ ಅವರನ್ನೇ ಗೆಲ್ಲಿಸಲು ಜನರಿಗೆ ಸಾಧ್ಯವಾಯಿತು.

ಆ ಸೆಪ್ಟೆಂಬರಿನ ಬೆನ್ನಿಗೆ ನಡೆದ ಮುಸ್ಲಿಮರ ಕೊಲೆಗಳನ್ನೂ ಬಿಡಬಾರದು. ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿಯ ಅಂದಾಜು 27,000ದಿಂದ 40,000. ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ.

ಕಲಬುರ್ಗಿ ತೊಗರಿ

ಅದು ಖರೇ ಅದ. ನಮ್ಮ ಕಡಿ ಹಿರೇರು ಅದರ ಮಾತು ಬಂದ್ರ ಚಾ ತರಸ್ತಾರ, ಮಾತು ಮುಂದಕ್ ಬಿಡಂಗಿಲ್ಲ.

ನಿರ್ವಾಹಕ

ಹೈದರಾಬಾದ್ ವಿಷಯಕ್ಕೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ವೈಯಕ್ತಿಕ ಬೈಗುಳದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಕುಕ್ಕರಹಳ್ಳಿ

ಶಾಯಿ ಮಾತು ಬಂದಿದ್ದಕ್ಕೆ: ಅಫ್ಘಾನಿಸ್ತಾನಕ್ಕೆ ನಮ್ಮ ಮೈಸೂರು ಪೇಂಟ್ಸ್‌ನವರ ಶಾಯಿ ಹೋಗಿದೆ, ಬಾಟಲಿಯಲ್ಲಲ್ಲ, ಪೆನ್ನಿನ ರೂಪದಲ್ಲಿ. ಕಾಬೂಲಿನ ಸಂಸತ್ ಭವನವನ್ನೂ ಭಾರತವೇ ಕಟ್ಟಿಸಿಕೊಟ್ಟಿತು, 2015ರ ಡಿಸೆಂಬರ್ 25ರಂದು ಮೋದಿಯವರೇ ಹೋಗಿ ಉದ್ಘಾಟಿಸಿದರು. ಕಟ್ಟಡ ದಿಲ್ಲಿಯದು, ಸಂಧಾನ ವಾಷಿಂಗ್ಟನ್ನಿನದು. ಸಂಧಾನ ಯಾಕೆಂದರೆ 2014ರ ಚುನಾವಣೆಯಲ್ಲಿ ಘನಿ ಗೆದ್ದರೋ ಅಬ್ದುಲ್ಲಾ ಗೆದ್ದರೋ ಎಂದು ಜಗಳ ಹತ್ತಿ, ಅಮೆರಿಕದ ಆಗಿನ ವಿದೇಶಾಂಗ ಸಚಿವ ಜಾನ್ ಕೆರ್ರಿ ಬಂದು ಇಬ್ಬರನ್ನೂ ಕೂರಿಸಿ ಅಧಿಕಾರ ಹಂಚಿಕೊಟ್ಟರು. ಜನ ಹಾಕಿದ ಮತ ಮಾಡಬೇಕಾದ ಕೆಲಸ ಅದು.

ನನ್ನ ಪ್ರಕಾರ ನೀವೆಲ್ಲ ದುಡ್ಡನ್ನು ಮರೆತಿದ್ದೀರಿ. ಆಗಿನ ಕಾಬೂಲ್ ಸರ್ಕಾರದ ಖರ್ಚಿನಲ್ಲಿ ಮುಕ್ಕಾಲು ಪಾಲು ಹೊರಗಿನ ನೆರವು. ಮಂತ್ರಿಗೆ ಕಂದಹಾರದ ರೈತ ಸಿಟ್ಟಾದರೆ ನಷ್ಟವಿಲ್ಲ, ದಾನಿ ಸಿಟ್ಟಾದರೆ ನಷ್ಟ. ತೆರಿಗೆ ಕೊಡದ ಪ್ರಜೆಗೆ ಲೆಕ್ಕ ಒಪ್ಪಿಸುವ ಸರ್ಕಾರ ಎಲ್ಲಿದೆ? 2019ರಲ್ಲಿ ಹೆಸರು ನೋಂದಾಯಿಸಿದ್ದ 96 ಲಕ್ಷ ಜನರಲ್ಲಿ ಲೆಕ್ಕಕ್ಕೆ ಬಂದ ಮತ 18 ಲಕ್ಷದಷ್ಟು. 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿದ್ದಾಗ ಆ ಭವನ ಉಳಿಸಲು ಯಾರೂ ಬಂದೂಕು ಎತ್ತದ್ದು ನನಗೆ ಆಶ್ಚರ್ಯವಾಗಲಿಲ್ಲ.

ಗಾಂಧಿಬಜಾರ್ ಕಾಫಿ

ಹಾಗಂತ ಸಂಬಳ ಬಾರದೆ ತಿಂಗಳುಗಟ್ಟಲೆ ಹೋರಾಡಿ ಸತ್ತ ಅಫ್ಘನ್ ಸೈನಿಕರನ್ನು ಮರೆಯಬೇಡಿ. ಭವನಕ್ಕೆ ಹೋರಾಡದಿದ್ದರೂ ಊರಿಗೆ ಹೋರಾಡಿದರು. ಹಾಗೇ ಶಾಲೆ ಬಿಡಿಸಿಕೊಂಡ ಹೆಣ್ಣುಮಕ್ಕಳನ್ನು ಕೇಳಿ, "ಹೊರಗಿನವರು ಹೇರಿದ" ಆ ಇಪ್ಪತ್ತು ವರ್ಷ ಬೇಡವಾಗಿತ್ತೇ ಅಂತ.

ಚಕ್ರವ್ಯೂಹ

ಕಾಫಿಯವರೇ, ಮೊದಲ ಸಲ ನಿಮ್ಮ ಮಾತಿಗೆ ಲೈಕ್ ಒತ್ತಿದ್ದೇನೆ.

ತುಂಗಾತೀರರಿಗೆ ಒಂದು ನೇರ ಪ್ರಶ್ನೆ. ಒಳಗಿನವರು ಕೇಳಿದ್ದೇ ನಿಲ್ಲುತ್ತದೆ ಎಂದಿರಿ. ಹಾಗಿದ್ದರೆ ಲಿಬಿಯಾ? 2011ರಲ್ಲಿ ಜನವೇ ಎದ್ದರು, ನ್ಯಾಟೊ ಆಕಾಶದಿಂದ ಮಾತ್ರ ಹೊಡೆಯಿತು, ಬ್ರೆಮರ್ ಥರದವರು ಯಾರೂ ಬಂದು ಕೂರಲಿಲ್ಲ. 2012ರ ಜುಲೈನಲ್ಲಿ 200 ಸೀಟಿಗೆ ಅಚ್ಚುಕಟ್ಟಾಗಿ ಚುನಾವಣೆ ನಡೆಯಿತು. 2014ಕ್ಕೆ ಎರಡು ಸರ್ಕಾರ! ಮತ್ತೆ ಇರಾಕಿನಲ್ಲಿ ಬ್ರೆಮರ್ ಹೇರಿದ್ದರಲ್ಲಿ ಒಂದು ಮಾತ್ರ ಕಲ್ಲಿನ ಹಾಗೆ ನಿಂತಿದೆ: ಪಂಗಡದ ಕೋಟಾ. 2003ರ ಜುಲೈನಲ್ಲಿ ನೇಮಿಸಿದ 25 ಜನರ ಆಡಳಿತ ಮಂಡಳಿಯಲ್ಲಿ 13 ಶಿಯಾ, 5 ಸುನ್ನಿ, 5 ಕುರ್ದ್, ಒಬ್ಬ ತುರ್ಕಮನ್, ಒಬ್ಬ ಅಸಿರಿಯನ್. ಅದೇ ಲೆಕ್ಕ ಬೆಳೆದು ಇವತ್ತಿಗೂ ಅಧ್ಯಕ್ಷ ಕುರ್ದ್, ಪ್ರಧಾನಿ ಶಿಯಾ, ಸ್ಪೀಕರ್ ಸುನ್ನಿ. ನಿಮ್ಮ ಸೂತ್ರ ಎರಡೂ ಕಡೆ ಕೈಕೊಟ್ಟಿತು.

ತುಂಗಾತೀರ

ಈ ಎಳೆಯ ಗಟ್ಟಿ ಪ್ರಶ್ನೆ ಇದೇ. ಕುಂದಾಪ್ರದವರ ಪ್ರಶ್ನೆಗೂ ಸೇರಿಸಿಯೇ ಉತ್ತರಿಸುತ್ತೇನೆ.

ಕೋಟಾ ಮೊದಲು. ಬ್ರೆಮರ್ ಅದನ್ನು ಗಾಳಿಯಿಂದ ಹಿಡಿದು ತರಲಿಲ್ಲ. ದೇಶಭ್ರಷ್ಟ ವಿರೋಧ ಪಕ್ಷಗಳು 1990ರ ದಶಕದಿಂದಲೇ ತಮ್ಮ ಸಭೆಗಳಲ್ಲಿ ಹಾಗೆ ಹಂಚಿಕೊಳ್ಳುತ್ತಿದ್ದವು. ಆ ಪಕ್ಷಗಳಿಗೆ ಅದು ಬೇಕಿತ್ತು, ಇವತ್ತಿಗೂ ಬೇಕು. ಇಲಾಖೆಗೊಂದು ಪಕ್ಷ, ಪಕ್ಷಕ್ಕೊಂದು ಪಡೆ, ನೌಕರಿಯೆಲ್ಲ ತಮ್ಮವರಿಗೆ. ಅಂದರೆ ಒಳಗಿನವರು ಕೇಳಿದ್ದೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ, ನಾನು ಹಾಗೆ ಹೇಳಿಯೂ ಇಲ್ಲ. ಒಳಗಿನವರು ಎಂದರೆ ಒಂದೇ ಗುಂಪಲ್ಲ. ಯಾರ ಬೇಡಿಕೆಗೆ ಮೊದಲ ಕುರ್ಚಿ ಸಿಗುತ್ತದೆ ಎನ್ನುವುದನ್ನು ಹೊರಗಿನವನು ನಿರ್ಧರಿಸುತ್ತಾನೆ, ಅವನ ನಿಜವಾದ ಪ್ರಭಾವ ಅಲ್ಲಿದೆ. 2019ರ ಅಕ್ಟೋಬರಿನಲ್ಲಿ ಬಾಗ್ದಾದ್, ನಾಸಿರಿಯಾ, ಬಸ್ರಾದ ಹುಡುಗರು ಬೀದಿಗೆ ಬಂದದ್ದು ಈ ಕೋಟಾದ ವಿರುದ್ಧವೇ. ಹೆಚ್ಚಿನವರು ಶಿಯಾ, ಎದುರಿಗಿದ್ದದ್ದೂ ಶಿಯಾ ಪ್ರಧಾನಿ. ಅಬ್ದುಲ್ ಮಹದಿ ರಾಜೀನಾಮೆ ಕೊಡುವಂತಾಯಿತು. ಆ ಚಳವಳಿಯಲ್ಲಿ ಸತ್ತವರು ಐನೂರಕ್ಕೂ ಹೆಚ್ಚು. ಅವರು ಕೇಳಿದ ಪ್ರಜಾಪ್ರಭುತ್ವಕ್ಕೆ 2003ರಲ್ಲಿ ಕುರ್ಚಿ ಇರಲಿಲ್ಲ.

ಚುನಾವಣೆಯ ವಿಧಾನವನ್ನೂ ನೋಡಿ. 2005ರ ಜನವರಿಯಲ್ಲಿ ಇಡೀ ಇರಾಕನ್ನು ಒಂದೇ ಕ್ಷೇತ್ರ ಮಾಡಿದರು, 275 ಸೀಟು, ದೇಶಕ್ಕೆಲ್ಲ ಒಂದೇ ಎಣಿಕೆ. ಒಪ್ಪುವಂಥ ಜನಗಣತಿ ಇರಲಿಲ್ಲ, ಕ್ಷೇತ್ರ ವಿಂಗಡಿಸಲು ಪುರಸೊತ್ತೂ ಇರಲಿಲ್ಲ. ಸುನ್ನಿಗಳು ಬಹಿಷ್ಕರಿಸಿದರು, ಅನ್ಬಾರ್ ಪ್ರಾಂತ್ಯದಲ್ಲಿ ಮತದಾನ ನೂರಕ್ಕೆ 2ರಷ್ಟು. ಪ್ರಾಂತ್ಯಕ್ಕಿಷ್ಟು ಸೀಟು ಎಂದಿದ್ದರೆ ಎಷ್ಟೇ ಕಡಿಮೆ ಜನ ಬಂದರೂ ಅನ್ಬಾರಿನ ಸೀಟು ಅನ್ಬಾರಿನವರಿಗೇ ಸಿಗುತ್ತಿತ್ತು. ಒಂದೇ ಕ್ಷೇತ್ರವಾದ್ದರಿಂದ ಅವು ಮಾಯವಾದವು, ಅದೇ ಸಭೆ ಸಂವಿಧಾನ ಬರೆಯಲು ಕೂತಿತು. ಚುನಾವಣೆ ಬೇಕೆಂದದ್ದು ಇರಾಕಿಗಳು, ಈ ಅವಸರದ ವಿಧಾನ ಮಾತ್ರ ಹೊರಗಿನವರ ಕ್ಯಾಲೆಂಡರಿನದು. ಅಂದಹಾಗೆ, 1987ರ ನಂತರ ಇಡೀ ದೇಶದ ಗಣತಿ ಮತ್ತೆ ನಡೆದದ್ದು 2024ರ ನವೆಂಬರಿನಲ್ಲಿ.

ಲಿಬಿಯಾ ನನ್ನ ವಾದಕ್ಕೆ ನಿಜವಾಗಿಯೂ ಕಷ್ಟ ಕೊಡುತ್ತದೆ. ಅಲ್ಲಿ ಬೇಡಿಕೆ ಇತ್ತು, ಅದನ್ನು ಹೊರಲು ಸರ್ಕಾರಿ ಯಂತ್ರವೇ ಇರಲಿಲ್ಲ. ಗಡಾಫಿ 42 ವರ್ಷ ಪಕ್ಷ ಕಟ್ಟಲು ಬಿಡಲಿಲ್ಲ, ಸೈನ್ಯವನ್ನೂ ಬೇಕೆಂದೇ ಬಲಹೀನ ಇಟ್ಟಿದ್ದ. ಗೆದ್ದ ಸೇನಾಗುಂಪುಗಳಿಗೆ ಹೊಸ ಸರ್ಕಾರ ಸಂಬಳ ಕೊಟ್ಟು ಸಾಕಿತು. 2013ರ ಮೇನಲ್ಲಿ ಅವೇ ಗುಂಪುಗಳು ಸಚಿವಾಲಯಗಳನ್ನು ಮುತ್ತಿ, ಹಳೆಯ ಆಡಳಿತದಲ್ಲಿ ಇದ್ದವರನ್ನೆಲ್ಲ ಹೊರಗಿಡುವ ಕಾನೂನನ್ನು ಪಾಸು ಮಾಡಿಸಿದವು. ಬ್ರೆಮರ್‌ನ ಮೊದಲ ಆಜ್ಞೆಯನ್ನು ಲಿಬಿಯಾದವರು ತಾವೇ ಬರೆದುಕೊಂಡರು! ಹಾಗಾಗಿ ಮೇಷ್ಟ್ರು ಹೇಳಿದ ಆಡಳಿತ ಯಂತ್ರದ ಮಾತನ್ನು ನನ್ನ ವಾದಕ್ಕೆ ಸೇರಿಸಿಕೊಳ್ಳದೆ ಗತಿಯಿಲ್ಲ.

ಅಬುಧಾಬಿ ಕುಂದಾಪ್ರ

ಸೇರಿಸ್ಕೊಳ್ತಾ ಹೋದ್ರೆ ಕೊನೆಗೆ ವಾದ ಉಳೀತದಾ ಮಾರಾಯ್ರೆ? ಪನಾಮಾ ಒಂದು ಹೇಳಿ. 1989ರಲ್ಲಿ ಅಮೆರಿಕ ನುಗ್ಗಿ ಅಲ್ಲಿನ ಸರ್ವಾಧಿಕಾರಿ ನೊರಿಯೆಗಾನನ್ನು ಹಿಡ್ಕೊಂಡ್ ಹೋಯ್ತು. ಅಲ್ಲಿಂದೀಚೆಗೆ ಐದೈದು ವರ್ಷಕ್ಕೆ ಚುನಾವಣೆ ನಡೀತಾ ಇದೆ, ಸರ್ಕಾರ ಬದಲಾಗ್ತಾ ಇದೆ.

ತುಂಗಾತೀರ

ಪನಾಮಾದಲ್ಲಿ ದಾಳಿ ನಡೆದದ್ದು ಡಿಸೆಂಬರ್ 20ಕ್ಕೆ. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿನವರು ಮತ ಹಾಕಿ ಗಿಯೆರ್ಮೊ ಎಂದಾರಾನನ್ನು ಗೆಲ್ಲಿಸಿದ್ದರು, ನೊರಿಯೆಗಾ ಫಲಿತಾಂಶವನ್ನೇ ರದ್ದು ಮಾಡಿದ್ದ. ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಗಿಯೆರ್ಮೊ ಫೋರ್ಡ್ ನಡುಬೀದಿಯಲ್ಲಿ ಏಟು ತಿಂದು, ಬಿಳಿ ಅಂಗಿ ರಕ್ತವಾಗಿ ನಿಂತ ಫೋಟೋ ಆಗ ಜಗತ್ತೆಲ್ಲ ಸುತ್ತಿತ್ತು. ದಾಳಿಯ ರಾತ್ರಿ ಅಮೆರಿಕದ ಸೇನಾನೆಲೆಯಲ್ಲಿ ಪ್ರಮಾಣವಚನ ತೆಗೆದುಕೊಂಡವರಲ್ಲಿ ಈ ಇಬ್ಬರೂ ಇದ್ದರು. ಹೊಸಬನನ್ನು ಹುಡುಕಿ ಕೂರಿಸುವ ಕೆಲಸ ವಾಷಿಂಗ್ಟನ್ನಿಗೆ ಇರಲಿಲ್ಲ, ಜನ ಏಳು ತಿಂಗಳ ಮೊದಲೇ ಮುಗಿಸಿದ್ದರು.

ಚಕ್ರವ್ಯೂಹ

ಆದರೆ ನೊರಿಯೆಗಾನನ್ನು ವರ್ಷಗಟ್ಟಲೆ ಸಂಬಳ ಕೊಟ್ಟು ಸಾಕಿದ್ದೂ ಅದೇ ವಾಷಿಂಗ್ಟನ್ನಿನ ಸಿಐಎ. ಅದನ್ನು ಯಾವ ಕಾಲಮಿಗೆ ಬರೆಯೋಣ?

ತುಂಗಾತೀರ

1953ರ ಇರಾನಿನ ಕಾಲಮಿಗೆ. ಅಲ್ಲಿ ಪ್ರಧಾನಿ ಮೊಸದ್ದೆಕ್‌ನನ್ನು ಒಳಗಿನವರೇ ಆರಿಸಿದ್ದರು, ಹೊರಗಿನವರು ಇಳಿಸಿದರು. ಆ ಪಟ್ಟಿ ಶುರುಮಾಡಿದರೆ ಗ್ವಾಟೆಮಾಲಾ, ಚಿಲಿ ಎಂದು ಇನ್ನೊಂದು ಎಳೆಯೇ ಬೇಕು. ಭಾನುವಾರ ತೆರೆಯುತ್ತೇನೆ, ಬನ್ನಿ.